ಹಳ್ಳಿಯ ವೈದ್ಯವೃತ್ತಿ ಮತ್ತು ಕ್ಲಿನಿಕಲ್ ಸಂಶೋಧನೆ: ವೈದ್ಯಕೀಯ ವಿದ್ಯಾರ್ಥಿಗಳ ಮನೋಭಾವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ಓದುತ್ತಿರುವವರು, ಅವರಿಗೆ ಕಲಿಸುವವರು ಮತ್ತು ಅವರ ಒಲವು, ಹಿಂಜರಿಕೆಗಳನ್ನು ಅಧ್ಯಯನ ಮಾಡಲು ಹೊರಟವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ವಿದ್ಯಾರ್ಥಿಯ ಮನೋಭಾವ ಹುಟ್ಟುಗುಣವಲ್ಲ, ಬಹುಮಟ್ಟಿಗೆ ಅದು ತರಬೇತಿಯೇ ಕಡೆದು ನಿಲ್ಲಿಸಿದ ರೂಪ ಎಂಬ ನಂಬಿಕೆಯಿಂದ ಈ ಉತ್ತರಗಳನ್ನು ಬರೆಯಲಾಗಿದೆ.

ಹಳ್ಳಿಯ ವೈದ್ಯವೃತ್ತಿ ಬೇರೆ, ರೋಗಿಗಳನ್ನೇ ಒಳಗೊಂಡು ನಡೆಸುವ ಕ್ಲಿನಿಕಲ್ ಸಂಶೋಧನೆ ಬೇರೆ. ಎರಡನ್ನೂ ಒಟ್ಟಿಗೆ ಚರ್ಚಿಸುವುದೇಕೆ?

ವಿದ್ಯಾರ್ಥಿಗಳ ಮನಸ್ಸಿನಲ್ಲಿ ಇವೆರಡೂ ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ಹಳ್ಳಿಯ ವೈದ್ಯರೆಂದರೆ ಸೇವಾಭಾವವಿರುವವರು, ಆದರೆ ಓದಿನಿಂದ ದೂರ ಸರಿದವರು. ಸಂಶೋಧಕರೆಂದರೆ ದೊಡ್ಡ ಬೋಧನಾ ಆಸ್ಪತ್ರೆಯ ಬುದ್ಧಿವಂತರು, ಆದರೆ ರೋಗಿಗಳ ಬದುಕಿನಿಂದ ದೂರವಿರುವವರು ಎಂಬ ಎರಡು ಚಿತ್ರಗಳು ಮೊದಲ ಒಂದೆರಡು ವರ್ಷಗಳಲ್ಲೇ ಬೇರೂರುತ್ತವೆ. ಎರಡೂ ಚಿತ್ರಗಳು ಅರ್ಧ ಸತ್ಯ. ಇನ್ನೊಂದು ಸಾಮ್ಯವೂ ಇದೆ. ಎರಡರ ಬಗ್ಗೆಯೂ ವಿದ್ಯಾರ್ಥಿಗಳನ್ನು ಕೇಳಿದರೆ ಬಹಳ ಮುಖ್ಯವಾದ ಕೆಲಸ ಎಂದೇ ಹೇಳುತ್ತಾರೆ, ಆದರೆ ತಮ್ಮ ವೃತ್ತಿಯಾಗಿ ಆರಿಸಿಕೊಳ್ಳುವವರು ಕಡಿಮೆ. ಗೌರವಕ್ಕೂ ಆಯ್ಕೆಗೂ ನಡುವೆ ಇರುವ ಈ ಅಂತರವೇ ಅರ್ಥಮಾಡಿಕೊಳ್ಳಬೇಕಾದ ಸಂಗತಿ.

ಸಾಮಾನ್ಯ ವೈದ್ಯರ (ಜನರಲ್ ಪ್ರಾಕ್ಟೀಷನರ್) ಕೆಲಸವೆಂದರೆ ನೆಗಡಿ, ಜ್ವರ ನೋಡಿ ಉಳಿದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದಲ್ಲವೇ?

ಅಲ್ಲ. ಈ ತಪ್ಪು ಕಲ್ಪನೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ 1961ರಲ್ಲಿ ಆರೋಗ್ಯ ಸೇವೆಗಳ ಸಂಶೋಧಕ ಕೆರ್ ವೈಟ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಲೆಕ್ಕಾಚಾರ ಒಳ್ಳೆಯ ಉತ್ತರ ಕೊಡುತ್ತದೆ. ಒಂದು ಸಮುದಾಯದ 1000 ವಯಸ್ಕರನ್ನು ತೆಗೆದುಕೊಂಡರೆ, ಒಂದು ತಿಂಗಳ ಅವಧಿಯಲ್ಲಿ ಅವರಲ್ಲಿ ಸುಮಾರು 750 ಮಂದಿಗೆ ಏನಾದರೊಂದು ಅನಾರೋಗ್ಯ ಅಥವಾ ಗಾಯ ಕಾಣಿಸಿಕೊಳ್ಳುತ್ತದೆ, 250 ಮಂದಿ ವೈದ್ಯರನ್ನು ಕಾಣುತ್ತಾರೆ, 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ, 5 ಮಂದಿಯನ್ನು ಮತ್ತೊಬ್ಬ ವೈದ್ಯರ ಬಳಿಗೆ ಕಳುಹಿಸಲಾಗುತ್ತದೆ, ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ತಲುಪುವುದು ಒಬ್ಬರೇ ಒಬ್ಬರು. ವೈದ್ಯಕೀಯ ವಿದ್ಯಾರ್ಥಿ ತನ್ನ ತರಬೇತಿಯ ಬಹುಭಾಗವನ್ನು ಆ ಒಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು ಕಳೆಯುತ್ತಾನೆ. ಉಳಿದ 249 ಮಂದಿಗೆ ಏನಾಯಿತು, ಅವರಿಗೆ ಯಾರು ಏನು ಮಾಡಿದರು ಎಂಬುದು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಆ 249 ಮಂದಿಯಲ್ಲಿ ಒಬ್ಬರು ತಿಂಗಳಿಂದ ಸುಸ್ತು ಎಂದು ಹೇಳಿಕೊಂಡು ಬಂದಿದ್ದಾರೆ ಎಂದು ಇಟ್ಟುಕೊಳ್ಳಿ. ವಾರ್ಡಿನಲ್ಲಿರುವ ರೋಗಿಯ ಕೇಸ್‌ಶೀಟಿನ ಮೇಲೆ ರೋಗದ ಹೆಸರು ಆಗಲೇ ಬರೆದಿರುತ್ತದೆ, ಇಲ್ಲಿ ಹಾಗಲ್ಲ. ಆ ಸುಸ್ತು ರಕ್ತಹೀನತೆಯದಾಗಿರಬಹುದು, ಥೈರಾಯ್ಡ್ ಗ್ರಂಥಿಯದಾಗಿರಬಹುದು, ಆರಂಭದ ಕ್ಷಯವಾಗಿರಬಹುದು, ನಿದ್ದೆಗೆಟ್ಟದ್ದರಿಂದ ಇರಬಹುದು, ಖಿನ್ನತೆಯಾಗಿರಬಹುದು, ಮನೆಯೊಳಗಿನ ಹಿಂಸೆಯಾಗಿರಬಹುದು, ಹೆಸರಿಡುವಂಥ ಕಾಯಿಲೆ ಏನೂ ಇಲ್ಲದೆಯೂ ಇರಬಹುದು. ಯಾವ ಪರೀಕ್ಷೆಯನ್ನು ಇಂದೇ ಮಾಡಿಸಬೇಕು, ಯಾವುದಕ್ಕೆ ಎರಡು ವಾರ ಕಾಯಬಹುದು, ಯಾವ ಮಾತನ್ನು ಇವತ್ತಲ್ಲದೆ ಮುಂದಿನ ಭೇಟಿಯಲ್ಲಿ ಕೇಳಬೇಕು ಎಂದು ತೀರ್ಮಾನಿಸುವುದು ವೈದ್ಯವಿದ್ಯೆಯ ಕಠಿಣ ಕೆಲಸಗಳಲ್ಲಿ ಒಂದು. ಹಳ್ಳಿಯಲ್ಲಿ ಹೆರಿಗೆ, ಮೂಳೆ ಮುರಿತ, ವಿಷಪ್ರಾಶನ, ಕೊನೆಗಾಲದ ಆರೈಕೆ ಎಲ್ಲವೂ ಇದರ ಜೊತೆಗೆ ಸೇರಿಕೊಳ್ಳುತ್ತವೆ.

ವಿದ್ಯಾರ್ಥಿಗಳಿಗೆ ಹಳ್ಳಿಯೆಂದರೆ ನಿಜಕ್ಕೂ ಇಷ್ಟವಿಲ್ಲವೇ?

ಇಷ್ಟವಿಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಸರಿಯಲ್ಲ. ಪ್ರಪಂಚದ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಜನ ಗ್ರಾಮೀಣ ಪ್ರದೇಶಗಳಲ್ಲಿದ್ದರೂ ವೈದ್ಯರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಮಂದಿ ಮಾತ್ರ ಅಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಆದರೆ ಈ ಅಂಕಿಯಿಂದ ವೈದ್ಯರ ಮನಸ್ಸನ್ನು ನೇರವಾಗಿ ಓದಲು ಬರುವುದಿಲ್ಲ. ಹುದ್ದೆಗಳು ಎಲ್ಲಿವೆ, ಮುಂದಿನ ತರಬೇತಿ ಎಲ್ಲಿ ಸಿಗುತ್ತದೆ, ಉಪಕರಣಗಳು ಎಲ್ಲಿವೆ ಎಂಬುದೂ ಆ ಅಂಕಿಯಲ್ಲಿ ಸೇರಿದೆ.

ವಿದ್ಯಾರ್ಥಿಗಳೊಡನೆ ಬಿಡುವಾಗಿ ಮಾತನಾಡಿದರೆ ಕೇಳಿಬರುವುದು ತಿರಸ್ಕಾರವಲ್ಲ, ಷರತ್ತುಗಳು. “ಎರಡು ವರ್ಷಕ್ಕಾದರೆ ಹೋಗುತ್ತೇನೆ”, “ಜೊತೆಗೆ ಇನ್ನೊಬ್ಬ ವೈದ್ಯರಿದ್ದರೆ ಹೋಗುತ್ತೇನೆ”, “ಆಮೇಲೆ ಪಿ.ಜಿ. ಸೀಟಿಗೆ ತೊಂದರೆ ಆಗದಿದ್ದರೆ ಹೋಗುತ್ತೇನೆ” ಎಂಬ ಮಾತುಗಳಲ್ಲಿ ಹೋಗುವ ಮನಸ್ಸೂ ಇದೆ, ತಡೆಯುವ ಕಾರಣವೂ ಇದೆ. ಹೌದು, ಇಲ್ಲ ಎಂಬ ಎರಡೇ ಆಯ್ಕೆ ಕೊಡುವ ಪ್ರಶ್ನಾವಳಿ ಇವೆಲ್ಲವನ್ನೂ ‘ಇಲ್ಲ’ ಎಂಬ ಕಾಲಮ್ಮಿಗೆ ತಳ್ಳಿಬಿಡುತ್ತದೆ.

ಹಾಗಾದರೆ ಅವರು ಅಂಜುವುದು ಯಾವುದಕ್ಕೆ?

ಎಲ್ಲಕ್ಕಿಂತ ಆಳವಾದ ಅಂಜಿಕೆ ಒಂಟಿಯಾಗಿ ನಿರ್ಧಾರ ತೆಗೆದುಕೊಳ್ಳಬೇಕಾದ ಪರಿಸ್ಥಿತಿಯದು. ರಾತ್ರಿ ಎರಡು ಗಂಟೆಗೆ ಎದೆನೋವೆಂದು ಒಬ್ಬರನ್ನು ಕರೆತರುತ್ತಾರೆ. ಇಸಿಜಿ ತೆಗೆದದ್ದಾಗಿದೆ, ಅದರಲ್ಲಿನ ಬದಲಾವಣೆ ಸ್ಪಷ್ಟವಾಗಿಲ್ಲ. ಆಂಬುಲೆನ್ಸ್ ಬರಲು ಇನ್ನೂ ಒಂದೂವರೆ ಗಂಟೆ ಬೇಕು. ಹೊರಗೆ ಹತ್ತು ಜನ ಸಂಬಂಧಿಕರು ನಿಂತಿದ್ದಾರೆ. ಬೋಧನಾ ಆಸ್ಪತ್ರೆಯಲ್ಲಾದರೆ ಇದೇ ಇಸಿಜಿಯನ್ನು ಹಿರಿಯರಿಗೆ ತೋರಿಸಲು ಕಾರಿಡಾರಿನಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು. ಆ ಹತ್ತು ಹೆಜ್ಜೆಯ ಭರವಸೆಯ ಮೇಲೆಯೇ ಕಲಿತವರನ್ನು ಏಕಾಏಕಿ ಅದು ಇಲ್ಲದ ಜಾಗಕ್ಕೆ ಕಳುಹಿಸಿದಾಗ ಅವರು ಅಂಜಿದರೆ ಅದನ್ನು ಹೇಡಿತನವೆಂದು ಕರೆಯಬಾರದು. ತನ್ನ ಅರಿವಿನ ಮಿತಿ ತಿಳಿದ, ರೋಗಿಗೆ ಅನ್ಯಾಯವಾಗಬಾರದು ಎಂಬ ಕಾಳಜಿಯಿರುವ ವಿದ್ಯಾರ್ಥಿಗೆ ಮಾತ್ರ ಆ ಅಂಜಿಕೆ ಬರುತ್ತದೆ. ಅಂಥವರೇ ಹಳ್ಳಿಗೆ ಬೇಕಾದವರು. ಅವರಿಗೆ ಉಪದೇಶ ಬೇಕಿಲ್ಲ. ಫೋನಿನ ಆ ಕಡೆ ಹೆಸರು ಹಿಡಿದು ಮಾತನಾಡಿಸಬಲ್ಲ ಒಬ್ಬ ಹೃದ್ರೋಗ ತಜ್ಞರು ಬೇಕು, ಪಕ್ಕದಲ್ಲಿ ಅನುಭವವಿರುವ ಒಬ್ಬ ದಾದಿ ಬೇಕು, ವಾರದಲ್ಲಿ ಒಂದೆರಡು ರಾತ್ರಿಯಾದರೂ ಡ್ಯೂಟಿ ವಹಿಸಿಕೊಳ್ಳುವ ಸಹೋದ್ಯೋಗಿ ಬೇಕು.

ಎರಡನೆಯದು ಮನೆಯ ಮಾತು. ಸಂಗಾತಿಗೆ ಅಲ್ಲಿ ಉದ್ಯೋಗ ಸಿಗುವುದೇ, ಮಕ್ಕಳ ಶಾಲೆಯ ಗತಿಯೇನು ಎಂಬ ಪ್ರಶ್ನೆಗಳು ವೈದ್ಯರು ಹಳ್ಳಿಯಲ್ಲಿ ಎಷ್ಟು ವರ್ಷ ನಿಲ್ಲುತ್ತಾರೆ ಎಂಬುದನ್ನು ಸಂಬಳದಷ್ಟೇ ಬಲವಾಗಿ ತೀರ್ಮಾನಿಸುತ್ತವೆ. ಒಂಟಿಯಾಗಿ ದುಡಿಯುವ ವೈದ್ಯೆಯರಿಗೆ ಇದರ ಮೇಲೆ ಸುರಕ್ಷತೆಯ ಪ್ರಶ್ನೆಯೂ ಸೇರುತ್ತದೆ. ವಸತಿಗೃಹಕ್ಕೆ ಗಟ್ಟಿಯಾದ ಬಾಗಿಲಿದೆಯೇ, ರಾತ್ರಿ ಕರೆ ಬಂದಾಗ ಜೊತೆಗೆ ಬರುವವರು ಯಾರು ಎಂಬ ವಿವರಗಳನ್ನು ಆಡಳಿತ ಸಣ್ಣ ವಿಷಯವೆಂದು ಬದಿಗಿಡುವ ಕಡೆ ನೇಮಕಾತಿಯ ಯಾವ ಯೋಜನೆಯೂ ಫಲಿಸದು.

ಇನ್ನು ಒಮ್ಮೆ ಹೋದರೆ ಮರಳಿ ಬರಲಾಗುವುದಿಲ್ಲ ಎಂಬ ಆತಂಕ. ಇದು ತಿಳಿವಳಿಕೆಯ ಕೊರತೆಯಿಂದಲೂ ಹುಟ್ಟುತ್ತದೆ, ಕೆಲವು ಕಡೆ ನಿಜವೂ ಹೌದು. ತರಬೇತಿಯ ವ್ಯವಸ್ಥೆ ಗ್ರಾಮೀಣ ಅನುಭವಕ್ಕೆ ಮನ್ನಣೆ ಕೊಡದಿದ್ದರೆ ಹಳ್ಳಿಯಲ್ಲಿ ಕಳೆದ ವರ್ಷಗಳು ವಿದ್ಯಾರ್ಥಿಯ ಲೆಕ್ಕದಲ್ಲಿ ನಷ್ಟವಾಗಿಯೇ ಉಳಿಯುತ್ತವೆ.

ಓದಿನ ವರ್ಷಗಳಲ್ಲಿ ಈ ಮನೋಭಾವ ಬದಲಾಗುತ್ತದೆಯೇ?

ಬದಲಾಗುತ್ತದೆ, ಅದೂ ಹೆಚ್ಚಾಗಿ ಹಳ್ಳಿಗೆ ಪ್ರತಿಕೂಲವಾಗಿ. ಸೇರುವಾಗ ಜನರ ನಡುವೆ ಕೆಲಸ ಮಾಡಬೇಕು ಎನ್ನುವ ಎಷ್ಟೋ ಮಂದಿ ಕೊನೆಯ ವರ್ಷದ ಹೊತ್ತಿಗೆ ಯಾವ ಸ್ಪೆಷಾಲಿಟಿ ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ಪಠ್ಯಕ್ರಮದಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ. ಬರೆಯದೆಯೇ ಕಲಿಸುವ ಇಂಥ ಪಾಠಗಳನ್ನು ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಹ್ಯಾಫರ್ಟಿ 1990ರ ದಶಕದಲ್ಲಿ ವೈದ್ಯಕೀಯ ಶಿಕ್ಷಣದ ಗುಪ್ತ ಪಠ್ಯಕ್ರಮ ಎಂದು ವಿವರಿಸಿದರು.

ರೌಂಡ್ಸ್ ವೇಳೆ ರೆಫರ್ ಆಗಿ ಬಂದ ರೋಗಿಯ ಚೀಟಿಯನ್ನು ಎತ್ತಿ ಹಿಡಿದು “ಇಷ್ಟು ದಿನ ಅಲ್ಲಿ ಏನು ಮಾಡುತ್ತಿದ್ದರಂತೆ?” ಎಂದು ಒಬ್ಬ ಹಿರಿಯರು ಕೇಳಿದರೆ ಸಾಕು, ಸುತ್ತ ನಿಂತ ಹನ್ನೆರಡು ವಿದ್ಯಾರ್ಥಿಗಳಿಗೆ ಸಾಮಾನ್ಯ ವೈದ್ಯರ ಬಗ್ಗೆ ಒಂದು ಪಾಠವಾಗಿ ಹೋಗುತ್ತದೆ. ಅದೇ ವೈದ್ಯರು ಅದೇ ತಿಂಗಳು ಸರಿಯಾಗಿ ಗುರುತಿಸಿ, ಅಲ್ಲೇ ಗುಣಪಡಿಸಿ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಅಗತ್ಯವೇ ಬೀಳದ ನೂರಾರು ರೋಗಿಗಳ ಚೀಟಿ ಆ ವಾರ್ಡಿಗೆ ಎಂದೂ ಬರುವುದಿಲ್ಲ. ಅಧ್ಯಾಪಕರು ಇದನ್ನು ದುರುದ್ದೇಶದಿಂದ ಮಾಡುತ್ತಾರೆಂದು ಹೇಳುವಂತಿಲ್ಲ. ಅವರಿಗೂ ಕಾಣುವುದು ತಪ್ಪಿದ ಪ್ರಕರಣಗಳು ಮಾತ್ರ. ಆದರೆ ಪರಿಣಾಮ ಒಂದೇ. ವಿದ್ಯಾರ್ಥಿಗಳ ಮನೋಭಾವ ಸರಿಯಿಲ್ಲ ಎಂದು ದೂರುವ ಕಾಲೇಜು, ಆ ಮನೋಭಾವದಲ್ಲಿ ತನ್ನ ಪಾಲೆಷ್ಟು ಎಂದು ಮೊದಲು ಅಳೆದುಕೊಳ್ಳಬೇಕು.

ಹಳ್ಳಿಯಲ್ಲಿ ಬೆಳೆದ ವಿದ್ಯಾರ್ಥಿಗಳೇ ಹಳ್ಳಿಗೆ ಮರಳುತ್ತಾರೆ ಎಂಬುದು ನಿಜವೇ?

ಹೆಚ್ಚಿನ ಮಟ್ಟಿಗೆ ನಿಜ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಬಲವಾದ ಸಂಬಂಧಗಳಲ್ಲಿ ಇದೂ ಒಂದು. ಗ್ರಾಮೀಣ ಹಿನ್ನೆಲೆಯವರಿಗೆ ಪ್ರವೇಶದಲ್ಲಿ ಆದ್ಯತೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿತು, 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಅದನ್ನು ಉಳಿಸಿಕೊಂಡಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಜೆಫರ್ಸನ್ ವೈದ್ಯಕೀಯ ಕಾಲೇಜು 1974ರಿಂದಲೇ ಹಳ್ಳಿಯಲ್ಲಿ ಬೆಳೆದ, ಹಳ್ಳಿಯಲ್ಲೇ ಕೆಲಸ ಮಾಡಬಯಸುವ ಕೆಲವು ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಆಯ್ದುಕೊಳ್ಳುತ್ತ ಬಂದಿದೆ. ಆ ದಾರಿಯಲ್ಲಿ ಬಂದವರು ಸಹಪಾಠಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಗ್ರಾಮೀಣ ಪ್ರದೇಶಗಳಲ್ಲಿ ನೆಲೆಸಿ, ದೀರ್ಘಕಾಲ ಅಲ್ಲೇ ಉಳಿದರು.

ಆದರೆ ಇದನ್ನು ಹಣೆಬರಹದಂತೆ ಓದಬಾರದು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಮನೆಯವರಿಂದ “ಇಷ್ಟು ಓದಿ ಮತ್ತೆ ಇಲ್ಲಿಗೇ ಬರುವುದೇ?” ಎಂಬ ಮಾತು ಕೇಳಿಬರುವುದುಂಟು. ನಗರದಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬಳು ಒಳ್ಳೆಯ ಗ್ರಾಮೀಣ ವೈದ್ಯರ ಜೊತೆ ಆರು ತಿಂಗಳು ಕಳೆದು ಅಲ್ಲೇ ನಿಲ್ಲಲು ತೀರ್ಮಾನಿಸುವುದೂ ಉಂಟು. ಹಿನ್ನೆಲೆಯನ್ನು ಕಾಲೇಜು ಬದಲಿಸಲಾರದು, ಅನುಭವವನ್ನು ಕೊಡಬಲ್ಲದು.

ಗ್ರಾಮೀಣ ಪೋಸ್ಟಿಂಗ್ ಎಷ್ಟು ದಿನ ಇದ್ದರೆ ಮನೋಭಾವ ಬದಲಾದೀತು?

ದಿನಗಳ ಲೆಕ್ಕಕ್ಕಿಂತ ಆ ದಿನಗಳಲ್ಲಿ ಏನು ನಡೆಯಿತು ಎಂಬುದು ಮುಖ್ಯ. ಬಸ್ಸಿನಲ್ಲಿ ಕರೆದೊಯ್ದು, ಆರೋಗ್ಯ ಕೇಂದ್ರದ ರಿಜಿಸ್ಟರ್ ತೋರಿಸಿ, ಸಂಜೆಗೆ ವಾಪಸ್ ತಂದರೆ ವಿದ್ಯಾರ್ಥಿಗೆ ಅಲ್ಲಿನ ಕೊರತೆಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಕೆಟ್ಟದಾಗಿ ನಡೆಸಿದ ಚಿಕ್ಕ ಪೋಸ್ಟಿಂಗ್ ಹಿಂಜರಿಕೆಯನ್ನು ಗಟ್ಟಿಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದೀರ್ಘ ಪೋಸ್ಟಿಂಗ್‌ಗಳ ಅನುಭವ ಬೇರೆಯೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1971ರಲ್ಲಿ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಸುಮಾರು ಒಂಬತ್ತು ತಿಂಗಳ ಕಾಲ ಗ್ರಾಮೀಣ ವೈದ್ಯರ ಜೊತೆ ಇರಿಸುವ ಕ್ರಮವನ್ನು ಆರಂಭಿಸಿತು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ವಿದ್ಯಾರ್ಥಿಗಳಿಗೆ ಇಡೀ ಒಂದು ವರ್ಷವನ್ನು ರಿವರ್‌ಲ್ಯಾಂಡ್ ಪ್ರದೇಶದ ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳಲ್ಲಿ ಕಳೆಯುವ ಅವಕಾಶ ಕೊಟ್ಟಿತು. ಶಸ್ತ್ರಚಿಕಿತ್ಸೆ, ಮಕ್ಕಳ ವೈದ್ಯ, ಸ್ತ್ರೀರೋಗ ಎಂದು ವಿಭಾಗ ವಿಭಾಗವಾಗಿ ಓದುವ ಬದಲು ಬಾಗಿಲಿಗೆ ಬಂದ ರೋಗಿಯಿಂದಲೇ ಎಲ್ಲವನ್ನೂ ಒಟ್ಟಿಗೆ ಕಲಿಯುವ ವ್ಯವಸ್ಥೆ ಅದು. ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬ ಆತಂಕ ಎಲ್ಲರಿಗೂ ಇತ್ತು. ಫಲಿತಾಂಶ ಬಂದಾಗ ಅವರು ದೊಡ್ಡ ಆಸ್ಪತ್ರೆಯಲ್ಲಿ ಉಳಿದ ಸಹಪಾಠಿಗಳಿಗಿಂತ ಹಿಂದೆ ಬಿದ್ದಿರಲಿಲ್ಲ. ಇಂಥ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿ ಗರ್ಭಿಣಿಯೊಬ್ಬಳನ್ನು ಮೊದಲ ತಪಾಸಣೆಯಿಂದ ನೋಡುತ್ತ ಬಂದು, ಹೆರಿಗೆಯ ಹೊತ್ತಿಗೆ ಜೊತೆಗಿದ್ದು, ಮಗುವಿನ ಲಸಿಕೆಯ ದಿನವೂ ಅಲ್ಲೇ ಇರುತ್ತಾನೆ. ವಾರ್ಡಿನಲ್ಲಿ ನಾಲ್ಕು ದಿನ ಕಂಡು ಮರೆಯಾಗುವ ರೋಗಿಯಿಂದ ಈ ಕಲಿಕೆ ಸಿಗಲಾರದು.

ಕಡ್ಡಾಯ ಗ್ರಾಮೀಣ ಸೇವೆಯಿಂದ ಒಲವು ಮೂಡುವುದೇ?

ಕಡ್ಡಾಯದಿಂದ ಖಾಲಿ ಹುದ್ದೆ ತುಂಬುತ್ತದೆ, ಒಲವು ತಾನಾಗಿ ಮೂಡುವುದಿಲ್ಲ. ದಕ್ಷಿಣ ಆಫ್ರಿಕಾ 1998ರಲ್ಲಿ ಹೊಸ ವೈದ್ಯರಿಗೆ ಒಂದು ವರ್ಷದ ಸಮುದಾಯ ಸೇವೆಯನ್ನು ಕಡ್ಡಾಯ ಮಾಡಿತು. ಇತರ ಅನೇಕ ದೇಶಗಳಲ್ಲೂ ಇಂಥ ನಿಯಮಗಳಿವೆ. ಜಪಾನಿನಲ್ಲಿ 1972ರಲ್ಲಿ ಸ್ಥಾಪನೆಯಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದ ದಾರಿ ಸ್ವಲ್ಪ ಭಿನ್ನ. ಅದು ಎಲ್ಲ ಪ್ರಾಂತಗಳಿಂದಲೂ ವಿದ್ಯಾರ್ಥಿಗಳನ್ನು ಆರಿಸಿ, ಶುಲ್ಕದ ಹೊರೆಯನ್ನು ತಾನು ಹೊತ್ತು, ಪದವಿಯ ನಂತರ ಸುಮಾರು ಒಂಬತ್ತು ವರ್ಷ ತಮ್ಮ ಪ್ರಾಂತದಲ್ಲಿ ಕೆಲಸ ಮಾಡುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳುತ್ತದೆ. ಸೇರುವ ಮುನ್ನವೇ ತಿಳಿದು ಒಪ್ಪಿಕೊಂಡ ಬಾಧ್ಯತೆಗೂ ಓದು ಮುಗಿಯುವ ಹೊತ್ತಿಗೆ ತಲೆಯ ಮೇಲೆ ಬಂದು ಬೀಳುವ ಆದೇಶಕ್ಕೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಅಜಗಜಾಂತರ. ಮೇಲ್ವಿಚಾರಣೆ, ವಸತಿ, ಔಷಧ, ಮುಂದಿನ ತರಬೇತಿಯಲ್ಲಿ ಮನ್ನಣೆ ಇವು ಜೊತೆಗಿದ್ದರೆ ಕಡ್ಡಾಯ ಸೇವೆ ಕಲಿಕೆಯಾಗುತ್ತದೆ. ಇಲ್ಲದಿದ್ದರೆ ದಿನ ಎಣಿಸುವ ಶಿಕ್ಷೆಯಾಗಿ ಉಳಿಯುತ್ತದೆ, ಅದರ ಬೆಲೆಯನ್ನು ರೋಗಿಗಳೂ ತೆರುತ್ತಾರೆ.

ಆದಾಯದ ಪಾತ್ರವೆಷ್ಟು?

ಇದೆ, ಅಲ್ಲಗಳೆಯುವಂತಿಲ್ಲ. ಸಾಲ ಮಾಡಿ ಓದಿದವರಿಗೆ ಇನ್ನೂ ಹೆಚ್ಚು. ಆದರೆ ಸಂಬಳವೊಂದನ್ನೇ ಏರಿಸಿದ ಯೋಜನೆಗಳು ವೈದ್ಯರನ್ನು ಕರೆತರುವುದರಲ್ಲಿ ಗೆದ್ದಷ್ಟು ಉಳಿಸಿಕೊಳ್ಳುವುದರಲ್ಲಿ ಗೆಲ್ಲುವುದಿಲ್ಲ.

ಕ್ಲಿನಿಕಲ್ ಸಂಶೋಧನೆಯ ಬಗ್ಗೆ ವಿದ್ಯಾರ್ಥಿಗಳ ನಿಲುವೇನು?

ಆಸಕ್ತಿಯಿದೆ, ಅಪ್ಪಿಕೊಳ್ಳುವುದಿಲ್ಲ. ಸಮಯವಿಲ್ಲ, ಮಾರ್ಗದರ್ಶಕರಿಲ್ಲ, ಸಂಖ್ಯಾಶಾಸ್ತ್ರ ಅರ್ಥವಾಗುವುದಿಲ್ಲ ಎಂಬ ಮೂರು ಮಾತುಗಳು ಎಲ್ಲ ಕಡೆಯಿಂದಲೂ ಕೇಳಿಬರುತ್ತವೆ. ಇದು ಇಂದು ಹುಟ್ಟಿದ ಕೊರಗೂ ಅಲ್ಲ: ರೋಗಿಗಳ ಮಧ್ಯೆಯೇ ಸಂಶೋಧನೆ ನಡೆಸುವ ವೈದ್ಯರು ಅಳಿವಿನಂಚಿನಲ್ಲಿರುವ ಜೀವಿಗಳಂತಾಗಿದ್ದಾರೆ ಎಂದು ಅಮೆರಿಕದ ವೈದ್ಯ ಜೇಮ್ಸ್ ವಿಂಗಾರ್ಡನ್ 1979ರಲ್ಲೇ ಎಚ್ಚರಿಸಿದ್ದರು.

ನನ್ನನ್ನು ಹೆಚ್ಚು ಕಾಡುವುದು ಆಸಕ್ತಿಯ ಸ್ವರೂಪ. ಮುಂದೆ ಪಿ.ಜಿ. ಸೀಟಿಗೆ ಪ್ರಕಟಣೆಗಳ ಪಟ್ಟಿ ನೆರವಾಗುತ್ತದೆ ಎಂಬ ಕಾರಣಕ್ಕೆ ಸಂಶೋಧನೆಗೆ ಕೈಹಾಕುವ ವಿದ್ಯಾರ್ಥಿ ಸುಲಭವಾಗಿ ಸಿಗುವ ಕೇಸ್‌ಶೀಟುಗಳನ್ನು ಕಲೆಹಾಕಿ, ಯಾರಿಗೂ ಬೇಡದ ಪ್ರಶ್ನೆಗೆ ಉತ್ತರ ಬರೆದು ಮುಗಿಸುತ್ತಾನೆ. ಸಂಶೋಧನೆಯೆಂದರೆ ಇದೇ ಇರಬೇಕು ಎಂದು ತಿಳಿದು ಜೀವಮಾನವಿಡೀ ಅದರಿಂದ ದೂರ ಉಳಿಯುತ್ತಾನೆ. ಕ್ಲಿನಿಕಲ್ ಸಂಶೋಧನೆಯ ಮೂಲ ವಾರ್ಡಿನಲ್ಲೋ ಕ್ಲಿನಿಕ್ಕಿನಲ್ಲೋ ಏಳುವ ಒಂದು ನಿಜವಾದ ಅನುಮಾನ: ಈ ಔಷಧ ನಾನು ನೋಡುವ ರೋಗಿಗಳಿಗೆ ನಿಜಕ್ಕೂ ಉಪಯೋಗವಾಗುತ್ತಿದೆಯೇ? ಆ ಅನುಮಾನವನ್ನು ಉತ್ತರಿಸಬಹುದಾದ ಪ್ರಶ್ನೆಯಾಗಿ ಮಾರ್ಪಡಿಸುವುದನ್ನು ಕಲಿಸಿದರೆ ಸಂಖ್ಯಾಶಾಸ್ತ್ರ ತಾನಾಗಿ ಬೇಕೆನಿಸುತ್ತದೆ. ಮೊದಲು ಸೂತ್ರ, ಆಮೇಲೆ ಪ್ರಶ್ನೆ ಎಂಬ ಈಗಿನ ಕ್ರಮ ತಲೆಕೆಳಗಾಗಿದೆ.

ಹಳ್ಳಿಯಲ್ಲಿದ್ದುಕೊಂಡು ಸಂಶೋಧನೆ ಮಾಡಲು ಸಾಧ್ಯವೇ?

ಸಾಧ್ಯ, ಕೆಲವು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಸಿಗುವುದು. ಇಂಗ್ಲೆಂಡಿನ ಯಾರ್ಕ್‌ಶೈರಿನ ವೆನ್ಸ್‌ಲಿಡೇಲ್ ಕಣಿವೆಯಲ್ಲಿ ವಿಲಿಯಂ ಪಿಕಲ್ಸ್ ಎಂಬ ವೈದ್ಯರಿದ್ದರು. ಆಯ್ಸ್‌ಗಾರ್ತ್ ಹಳ್ಳಿಯಲ್ಲಿದ್ದು ಸುತ್ತಲ ಹಳ್ಳಿಗಳಿಗೆಲ್ಲ ಅವರೇ ವೈದ್ಯರು. ಸಾಂಕ್ರಾಮಿಕ ರೋಗ ಕಂಡಾಗಲೆಲ್ಲ ಯಾವ ಹಳ್ಳಿಯಲ್ಲಿ, ಯಾವ ದಿನ, ಯಾರಿಗೆ ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರು. 1929ರಲ್ಲಿ ಕಾಮಾಲೆ ಹರಡಿದಾಗ ಯಾರು ಯಾರ ಮನೆಗೆ ಹೋಗಿದ್ದರು, ಯಾರು ಯಾವ ಉತ್ಸವದಲ್ಲಿ ಯಾರನ್ನು ಭೇಟಿಯಾಗಿದ್ದರು ಎಂಬುದು ಅವರಿಗೆ ತಿಳಿದಿತ್ತು, ಏಕೆಂದರೆ ಊರಿನ ಎಲ್ಲರನ್ನೂ ಅವರು ಬಲ್ಲವರಾಗಿದ್ದರು. ಆ ಕಾಮಾಲೆ ಸೋಂಕು ತಗಲಿದ 26ರಿಂದ 35 ದಿನಗಳ ನಂತರ ಕಾಣಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಎಷ್ಟೇ ಪ್ರಯೋಗಾಲಯಗಳಿದ್ದರೂ ಒಂದೇ ಒಂದು ಭೇಟಿಯಿಂದ ತಗಲಿದ ಸೋಂಕನ್ನು ಹೀಗೆ ಹಿಂಬಾಲಿಸಲು ಆಗುತ್ತಿರಲಿಲ್ಲ. ಬ್ರಿಟನ್ನಿನ ಸಾಮಾನ್ಯ ವೈದ್ಯರ ಕಾಲೇಜು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಇವರೇ.

ರಾಬರ್ಟ್ ಕಾಖ್ 1876ರಲ್ಲಿ ಆಂಥ್ರಾಕ್ಸ್ ರೋಗಾಣುವಿನ ಜೀವನಚಕ್ರವನ್ನು ಪ್ರಕಟಿಸಿದಾಗ ವೋಲ್‌ಸ್ಟೈನ್ ಎಂಬ ಸಣ್ಣ ಊರಿನ ಸರ್ಕಾರಿ ವೈದ್ಯರಾಗಿದ್ದರು. ವೇಲ್ಸ್‌ನ ಗಣಿ ಹಳ್ಳಿ ಗ್ಲಿನ್‌ಕೊರುಗ್‌ನಲ್ಲಿ ದಶಕಗಳ ಕಾಲ ಕೆಲಸ ಮಾಡಿದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ತಮ್ಮಲ್ಲಿ ನೋಂದಾಯಿಸಿಕೊಂಡಿದ್ದ ವಯಸ್ಕರೆಲ್ಲರ ರಕ್ತದೊತ್ತಡವನ್ನು, ಅವರು ಯಾವ ದೂರಿಗಾಗಿ ಬಂದಿದ್ದರೂ, ಅಳೆದು ದಾಖಲಿಸಿದರು. ವೈದ್ಯಕೀಯ ಆರೈಕೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ದೊರೆಯುತ್ತದೆ ಎಂದು 1971ರಲ್ಲಿ ಅವರು ಹೇಳಿದ ವಿಲೋಮ ಆರೈಕೆಯ ನಿಯಮ ಇಂದಿಗೂ ಆರೋಗ್ಯ ನೀತಿಯ ಚರ್ಚೆಗಳಲ್ಲಿ ಕೇಳಿಬರುತ್ತದೆ. ದಿನನಿತ್ಯದ ರೋಗಿಗಳೇ ಆ ಮಾತಿನ ಹಿಂದಿದ್ದವರು.

ಇವರೆಲ್ಲ ಹಳೆಯ ಕಾಲದವರು, ಅಂಥ ಏಕಾಂಗಿ ಸಾಹಸದ ದಿನಗಳು ಮುಗಿದವು ಎಂಬ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ. ಇಂದಿನ ಗ್ರಾಮೀಣ ಸಂಶೋಧನೆ ಹಲವು ವೈದ್ಯರು ಕೈಜೋಡಿಸಿದ ಜಾಲಗಳ ಮೂಲಕ ನಡೆಯುತ್ತದೆ. ಕೋವಿಡ್ ಸಮಯದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ ಪ್ರಿನ್ಸಿಪಲ್ ಎಂಬ ಪ್ರಯೋಗದಲ್ಲಿ ರೋಗಿಗಳು ಬ್ರಿಟನ್ನಿನ ಯಾವ ಮೂಲೆಯಲ್ಲಿದ್ದರೂ ಮನೆಯಿಂದಲೇ ಭಾಗವಹಿಸಬಹುದಿತ್ತು. ಆಗ ವ್ಯಾಪಕವಾಗಿ ಬರೆದುಕೊಡುತ್ತಿದ್ದ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ನಿಂದ ಮನೆಯಲ್ಲಿರುವ ಕೋವಿಡ್ ರೋಗಿಗಳು ಬೇಗ ಚೇತರಿಸಿಕೊಳ್ಳುವುದಿಲ್ಲ ಎಂದು 2021ರಲ್ಲಿ ಆ ಪ್ರಯೋಗ ತೋರಿಸಿತು. ಆಸ್ಪತ್ರೆಗೆ ಬಾರದ ರೋಗಿಗಳ ಬಗ್ಗೆ ಆಸ್ಪತ್ರೆಯೊಳಗಿನ ಪ್ರಯೋಗದಿಂದ ಇಂಥ ಉತ್ತರ ಸಿಗುತ್ತಿರಲಿಲ್ಲ.

ಊರಿಗೊಬ್ಬರೇ ವೈದ್ಯರಿರುವಲ್ಲಿ ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯೇ?

ಬಹಳ ಮಹತ್ವದ ಪ್ರಶ್ನೆ. ವಿದ್ಯಾರ್ಥಿಗಳು ಇದನ್ನು ಕೇಳಿದಾಗ ಅವರಲ್ಲಿ ಸಂಶೋಧಕರ ಎಚ್ಚರ ಮೂಡಿದೆ ಎಂದು ತಿಳಿಯಬಹುದು. ಬೇರೆ ವೈದ್ಯರ ಬಳಿ ಹೋಗುವ ದಾರಿಯೇ ಇಲ್ಲದ ರೋಗಿಗೆ ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಅಳುಕು ಸಹಜ. ಅದರಿಂದ ಬಂದ “ಆಗಲಿ” ಎಂಬ ಮಾತನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದು. 1964ರಲ್ಲಿ ಮೊದಲು ಅಂಗೀಕಾರವಾಗಿ ಮುಂದೆ ಹಲವು ಬಾರಿ ಪರಿಷ್ಕೃತವಾದ, ಮನುಷ್ಯರನ್ನು ಒಳಗೊಂಡ ವೈದ್ಯಕೀಯ ಸಂಶೋಧನೆಯ ನೀತಿಸೂತ್ರಗಳಿರುವ ಹೆಲ್ಸಿಂಕಿ ಘೋಷಣೆ ಇಂಥ ಅವಲಂಬನೆಯಿರುವ ಕಡೆ ಆ ಸಂಬಂಧದಿಂದ ಹೊರಗಿರುವ, ಅರ್ಹತೆಯುಳ್ಳ ಮತ್ತೊಬ್ಬರು ಒಪ್ಪಿಗೆ ಕೇಳಬೇಕು ಎನ್ನುತ್ತದೆ. ಗೋಪ್ಯತೆಯ ಸಮಸ್ಯೆಯೂ ಇದೆ. ಸಣ್ಣ ಊರಿನಲ್ಲಿ ಹೆಸರು ತೆಗೆದುಹಾಕಿದರೆ ಸಾಲದು. ವಯಸ್ಸು, ಉದ್ಯೋಗ, ಅಪರೂಪದ ಕಾಯಿಲೆ ಮೂರನ್ನು ಒಟ್ಟಿಗೆ ಬರೆದರೆ ಯಾರೆಂದು ಇಡೀ ಊರಿಗೆ ತಿಳಿಯುತ್ತದೆ.

ವಿದ್ಯಾರ್ಥಿಗಳ ಮನೋಭಾವದ ಸಮೀಕ್ಷೆ ನಡೆಸುವವರು ಏನನ್ನು ಗಮನಿಸಬೇಕು?

ಇಂಥ ಅಧ್ಯಯನಗಳಲ್ಲಿ ಬಹುತೇಕವು ಒಂದು ಕಾಲೇಜಿನ ಒಂದು ತರಗತಿಗೆ ಒಮ್ಮೆ ಹಂಚಿದ ಪ್ರಶ್ನಾವಳಿಗಳು. ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪರಿಚಯಿಸಿದ, ಸಂಪೂರ್ಣ ಒಪ್ಪುತ್ತೇನೆ ಎಂಬಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗಿನ ಐದು ಮನೆಗಳ ಅಳತೆಯೇ ಇಂದಿಗೂ ರೂಢಿಯಲ್ಲಿದೆ. “ಗ್ರಾಮೀಣ ಜನರ ಸೇವೆ ವೈದ್ಯರ ಕರ್ತವ್ಯ” ಎಂಬ ಹೇಳಿಕೆಗೆ, ಅದೂ ತರಗತಿಯಲ್ಲಿ ಅಧ್ಯಾಪಕರೇ ಹಾಳೆ ಹಂಚಿರುವಾಗ, ಒಪ್ಪುವುದಿಲ್ಲ ಎಂದು ಗುರುತು ಹಾಕುವವರು ಎಷ್ಟು ಮಂದಿ? ಅಲ್ಲಿ ಅಳೆಯುವುದು ಸಭ್ಯತೆಯನ್ನು.

ಇದಕ್ಕಿಂತ ಉತ್ತಮವಾದ ಕ್ರಮವೆಂದರೆ ಎರಡು ಕಾಲ್ಪನಿಕ ಹುದ್ದೆಗಳನ್ನು ಎದುರಿಗಿಟ್ಟು ಒಂದನ್ನು ಆರಿಸಲು ಹೇಳುವುದು. ಒಂದರಲ್ಲಿ ಸಂಬಳ ಹೆಚ್ಚು, ಜೊತೆಗೆ ಯಾರೂ ಇಲ್ಲ. ಇನ್ನೊಂದರಲ್ಲಿ ಸಂಬಳ ಸ್ವಲ್ಪ ಕಡಿಮೆ, ಆದರೆ ಹಿರಿಯ ವೈದ್ಯರಿದ್ದಾರೆ, ಎರಡು ವರ್ಷದ ಬಳಿಕ ತರಬೇತಿಗೆ ಆದ್ಯತೆ ಇದೆ. ಇಂಥ ಜೋಡಿಗಳನ್ನು ಬದಲಿಸಿ ಬದಲಿಸಿ ಕೇಳಿದರೆ ಯಾವ ಅಂಶಕ್ಕೆ ಎಷ್ಟು ತೂಕ ಎಂಬುದು ಹೊರಬರುತ್ತದೆ. ಇನ್ನೂ ಒಳ್ಳೆಯದು, ಅದೇ ವಿದ್ಯಾರ್ಥಿಗಳನ್ನು ಪದವಿಯ ನಂತರವೂ ಹಿಂಬಾಲಿಸಿ ಅವರು ನಿಜವಾಗಿ ಎಲ್ಲಿ ನೆಲೆಸಿದರು ಎಂದು ನೋಡುವುದು. ಉದ್ದೇಶಕ್ಕೂ ನಡೆಗೂ ಮಧ್ಯೆ ಹಲವು ವರ್ಷಗಳ ಬದುಕು ಹಾದುಹೋಗುತ್ತದೆ. ಎರಡನ್ನು ಒಂದೇ ಎಂದು ಬರೆಯುವ ವರದಿಯನ್ನು ಎಚ್ಚರದಿಂದ ಓದಬೇಕು. ಉತ್ತರ ಕೊಡದವರ ಬಗ್ಗೆಯೂ ಒಂದು ಮಾತು ಬರೆಯಬೇಕು, ಏಕೆಂದರೆ ವಿಷಯದಲ್ಲಿ ಆಸಕ್ತಿಯಿಲ್ಲದವರೇ ಹೆಚ್ಚಾಗಿ ಹಾಳೆಯನ್ನು ಖಾಲಿ ಬಿಡುತ್ತಾರೆ.

ಒಂದೇ ಊರಿನಲ್ಲಿ ವರ್ಷಗಟ್ಟಲೆ ನಿಲ್ಲುವುದರಿಂದ ರೋಗಿಗಳಿಗೆ ನಿಜಕ್ಕೂ ಪ್ರಯೋಜನವಿದೆಯೇ?

ಇದೆ ಎನ್ನಲು ಬಲವಾದ ಆಧಾರವಿದೆ. ನಾರ್ವೆಯಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ಸಾಮಾನ್ಯ ವೈದ್ಯರ ಬಳಿ ನೋಂದಣಿಯಾಗಿರುವುದರಿಂದ ಲಕ್ಷಾಂತರ ಜನರ ದಾಖಲೆಗಳನ್ನು ಅಧ್ಯಯನ ಮಾಡಲು ಸಾಧ್ಯವಾಯಿತು. ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವ ಮತ್ತು ಸಾಯುವ ಸಂಭವ ಸುಮಾರು 25ರಿಂದ 30 ಶೇಕಡ ಕಡಿಮೆಯಿತ್ತು. ಇದು ಏನನ್ನೂ ಬದಲಿಸದೆ, ನಡೆದದ್ದನ್ನು ಮಾತ್ರ ಗಮನಿಸುವ ವೀಕ್ಷಣೆಯ ಅಧ್ಯಯನವಾದ್ದರಿಂದ ಪರಿಚಯವೊಂದೇ ಕಾರಣವೆಂದು ತೀರ್ಪು ಕೊಡಲಾಗದು. ಆದರೂ ಹಳ್ಳಿಗೆ ಹೋದರೆ ಬೆಳವಣಿಗೆ ನಿಂತುಹೋಗುತ್ತದೆ ಎನ್ನುವ ವಿದ್ಯಾರ್ಥಿಗೆ ಈ ಅಂಕಿಯನ್ನು ತೋರಿಸಬೇಕು. ಒಂದೇ ಕಡೆ ನಿಲ್ಲುವುದೂ ಚಿಕಿತ್ಸೆಯ ಭಾಗವಾಗಿರಬಹುದು.

ನನಗೆ ಎರಡರಲ್ಲೂ ಆಸಕ್ತಿಯಿದೆ. ವಿದ್ಯಾರ್ಥಿಯಾಗಿರುವಾಗಲೇ ಏನು ಮಾಡಬಹುದು?

ಮೊದಲು ಒಬ್ಬ ಒಳ್ಳೆಯ ಗ್ರಾಮೀಣ ವೈದ್ಯರನ್ನು ಹುಡುಕಿಕೊಳ್ಳಿ, ರಜೆಯಲ್ಲಿ ಕೆಲವು ವಾರ ಅವರ ಜೊತೆ ಕುಳಿತುಕೊಳ್ಳಿ. ಕುಳಿತಾಗ ಒಂದು ಪುಸ್ತಕದಲ್ಲಿ ರೋಗಿಗಳ ಹೆಸರಿಲ್ಲದೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಿ: ಈ ವಾರ ಕೆಮ್ಮಿಗೆ ಆಂಟಿಬಯಾಟಿಕ್ ಪಡೆದವರಲ್ಲಿ ಎಷ್ಟು ಮಂದಿಗೆ ಅದು ಬೇಕಿತ್ತು, ಮಧುಮೇಹದ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರು ಏಕೆ ಬಿಟ್ಟರು, ರೆಫರ್ ಮಾಡಿದವರಲ್ಲಿ ಎಷ್ಟು ಮಂದಿ ನಿಜವಾಗಿ ಅಲ್ಲಿಗೆ ಹೋದರು. ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಸಮುದಾಯ ವೈದ್ಯ ವಿಭಾಗದ ಅಧ್ಯಾಪಕರೊಬ್ಬರಿಗೆ ತೋರಿಸಿ, ನೈತಿಕ ಸಮಿತಿಯ ಅನುಮತಿ ಪಡೆದೇ ಮುಂದುವರಿಯಿರಿ. ಅನುಮತಿ ಬರಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಕೊನೆಯ ವರ್ಷಕ್ಕೆ ಮುಂದೂಡಬೇಡಿ. ಪ್ರಶ್ನೆ ಚಿಕ್ಕದಾಗಿರಲಿ, ರೆಫರ್ ಆದ ನೂರು ಮಂದಿಯಲ್ಲಿ ತಲುಪದೆ ಉಳಿದವರನ್ನು ಹುಡುಕಿ ಕಾರಣ ಕೇಳಿದರೂ ಅದು ಆ ವೈದ್ಯರಿಗೆ ನಾಳೆಯೇ ಉಪಯೋಗಕ್ಕೆ ಬರುವ ಸಂಶೋಧನೆ.

ಸ್ನೇಹಿತರು, ಮನೆಯವರು ಇದನ್ನು ಒಪ್ಪದಿದ್ದರೆ?

ಅವರ ಆಕ್ಷೇಪಣೆಗಳಲ್ಲಿ ಯಾವುದು ವಾಸ್ತವ, ಯಾವುದು ಕೇಳಿದ ಮಾತು ಎಂದು ಬೇರ್ಪಡಿಸಿಕೊಳ್ಳಿ. ಸುರಕ್ಷತೆ, ಸಂಗಾತಿಯ ಉದ್ಯೋಗ, ಮುಂದಿನ ತರಬೇತಿ ಇವು ವಾಸ್ತವದ ಪ್ರಶ್ನೆಗಳು. ಇವಕ್ಕೆ ಆ ಹುದ್ದೆಯಲ್ಲಿ ಈಗಾಗಲೇ ಇರುವ ವೈದ್ಯರನ್ನೇ ಮಾತನಾಡಿಸಿ ಉತ್ತರ ಪಡೆಯಬೇಕು, ಸಾಧ್ಯವಾದರೆ ಮನೆಯವರನ್ನೂ ಜೊತೆಗೆ ಕರೆದೊಯ್ಯಬೇಕು. ಬುದ್ಧಿವಂತರು ಹಳ್ಳಿಗೆ ಹೋಗುವುದಿಲ್ಲ ಎಂಬುದು ಕೇಳಿದ ಮಾತು. ಅದಕ್ಕೆ ಉತ್ತರವಾಗಿ ಯಾರೊಡನೆಯೂ ವಾದಕ್ಕೆ ಇಳಿಯುವ ಅಗತ್ಯವಿಲ್ಲ.